ಪಿಸ್ತೂಲಿಗೆ ಬೈಯುವ ಮೊದಲು ಮ್ಯಾಗಝಿನ್ ನೋಡಿ

ಓದುಗರ ಪ್ರಶ್ನೆ: ಉತ್ತರಿಸುವವರು ಕಲಬುರಗಿಯ ಒಬ್ಬ ನಿವೃತ್ತ ಪೊಲೀಸ್ ಆರ್ಮರರ್ (ಇಲಾಖೆಯ ಆಯುಧಗಳ ರಿಪೇರಿ ನೋಡುವವರು)

ಪ್ರಶ್ನೆ: ನಮ್ಮದು ಕಲಬುರಗಿಯಲ್ಲಿ ತೊಗರಿ ಬೇಳೆ ಮಿಲ್. ಲೈಸೆನ್ಸ್ ಇರುವ .32 ಪಿಸ್ತೂಲು ಇದೆ. ಮೊನ್ನೆ ರೇಂಜ್‌ನಲ್ಲಿ ಹಾರಿಸುವಾಗ ಎರಡು ಸಲ ತೋಟಾ ಚೇಂಬರ್‌ಗೆ (ಬ್ಯಾರಲ್ ಹಿಂಬದಿಯ ಗೂಡಿಗೆ) ಹೋಗದೆ ಮೂತಿ ಕೆಳಗೆ ಮಾಡಿ ನಿಂತಿತು. ದಿನಾ ಬೆಳಿಗ್ಗೆ ಲೋಡ್ ಮಾಡುತ್ತೇನೆ, ರಾತ್ರಿ ಖಾಲಿ ಮಾಡಿ ಇಡುತ್ತೇನೆ. ತೋಟಾ ತುಂಬುವ ಪೆಟ್ಟಿಗೆ, ಅಂದರೆ ಮ್ಯಾಗಝಿನ್‌ಗೂ ಚೆನ್ನಾಗಿ ಎಣ್ಣೆ ಹಾಕಿದ್ದೇನೆ. ಪಿಸ್ತೂಲೇ ಕೆಟ್ಟಿತಾ?

ಉತ್ತರ: ಸಾಹುಕಾರರೇ, ಪಿಸ್ತೂಲು ಕೆಟ್ಟಿರಲಿಕ್ಕಿಲ್ಲ. ನಿಮ್ಮ ಹತ್ತಿರ ಎಷ್ಟು ಮ್ಯಾಗಝಿನ್ ಇವೆ, ಯಾವುದು ಒಳಗಿದ್ದಾಗ ಸಿಕ್ಕಿಕೊಂಡಿತು ಅನ್ನುವುದನ್ನು ಬರೆದಿಲ್ಲ. ನಾನಾದರೆ ಮೊದಲು ಅದನ್ನೇ ಕೇಳುತ್ತಿದ್ದೆ.

ಆರ್ಮರಿಗೆ ಹೊಸದಾಗಿ ಸೇರಿದ್ದಾಗ ನಾನೂ ಹೀಗೇ ಎಡವಿದ್ದೆ. ಫೈರಿಂಗ್ ನಡೆದಿತ್ತು. ಇಲಾಖೆಯ ಒಂದು 9 ಎಂಎಂ ಪಿಸ್ತೂಲು ನಾಲ್ಕು ಜನರ ಕೈಯಲ್ಲಿ ನಿಂತುಬಿಟ್ಟಿತು. ಬೇವಿನ ಗಿಡದ ನೆರಳಲ್ಲಿ ಕೂತು ಎರಡು ಸಲ ಬಿಚ್ಚಿ ಜೋಡಿಸಿದೆ. ಬ್ಯಾರಲ್ ಒರೆಸುವ ಪುಲ್ ಥ್ರೂ ಹಗ್ಗ ಎಳೆದೆ, ಚಿಂದಿಯಿಂದ ಎಲ್ಲಾ ಒರೆಸಿದೆ. ಮತ್ತೆ ಅದೇ ಕಥೆ. ನಮ್ಮ ಉಸ್ತಾದರು ಚಹಾ ಮುಗಿಸಿ ಎದ್ದು ಬಂದರು, ಬೇರೆ ಮ್ಯಾಗಝಿನ್ ಹಾಕಿಕೊಟ್ಟರು. ಹದಿಮೂರೂ ರೌಂಡ್ (ತೋಟಾ) ಸಲೀಸಾಗಿ ಹೋದವು. ಅವರು ಬೈಯಲಿಲ್ಲ. ಹಳೆಯ ಮ್ಯಾಗಝಿನ್‌ನ ತಳಕ್ಕೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದು ನನ್ನ ಕೈಗೆ ಇಟ್ಟರು, ಅಷ್ಟೇ. ಅವತ್ತಿನಿಂದ ನನ್ನ ಕೈಗೆ ಬಂದ ಎಲ್ಲಾ ಮ್ಯಾಗಝಿನ್‌ಗಳ ತಳದಲ್ಲೂ ನಂಬರ್ ಇರುತ್ತಿತ್ತು. ನೀವೂ ಹಾಕಿ. ಮುಂದಿನ ಸಲ ಸಿಕ್ಕಿಕೊಂಡಾಗ ನಂಬರ್ ಬರೆದಿಡಿ, ಎಷ್ಟನೇ ರೌಂಡ್ ಅಂತಲೂ ಬರೆದಿಡಿ.

ಎಷ್ಟನೇ ರೌಂಡ್ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಪೂರ್ತಿ ತುಂಬಿದಾಗ ಮೊದಲನೆಯದೇ ನಿಂತರೆ, ಮ್ಯಾಗಝಿನ್ ಸರಿಯಾಗಿ ಮೇಲಕ್ಕೆ ಕೂತಿಲ್ಲ ಅಥವಾ ತೀರಾ ಬಿಗಿಯಾಗಿದೆ ಅಂತ ಅನುಮಾನಿಸಬೇಕು. ಕೊನೆಯ ಒಂದೆರಡು ರೌಂಡ್ ಮೂತಿ ಕೆಳಗೆ ಮಾಡಿದರೆ, ತೋಟಾಗಳನ್ನು ಮೇಲಕ್ಕೆ ನೂಕುವ ಒಳಗಿನ ಸ್ಪ್ರಿಂಗ್ ಸೋತಿದೆ. ಎರಡು ರೌಂಡ್ ಒಟ್ಟಿಗೆ ನುಗ್ಗಿದರೆ ಮೇಲಿನ ತುಟಿ ಅಗಲಾಗಿದೆ. ತುಟಿ ಅಂದರೆ ಮ್ಯಾಗಝಿನ್‌ನ ಬಾಯಲ್ಲಿ ಒಳಕ್ಕೆ ಮಡಚಿದ ಎರಡು ಅಂಚು. ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಮುಂದಕ್ಕೆ ನೂಕುವವರೆಗೆ ತೋಟಾವನ್ನು ಹಿಡಿದಿಡುವುದು ಅವೇ. ನಮ್ಮ ಕಡೆ ಮನೆ, ಆಫೀಸು ಎಲ್ಲಾ ಕಡೆ ಶಹಾಬಾದ್ ಫರಸಿ ನೆಲ ಅಲ್ವಾ? ತುಂಬಿದ ಮ್ಯಾಗಝಿನ್ ಒಮ್ಮೆ ಬಾಯಿ ಕೆಳಗಾಗಿ ಅದರ ಮೇಲೆ ಬಿದ್ದರೆ ಸಾಕು, ತುಟಿ ಸೊಟ್ಟಗಾಗುತ್ತದೆ. ದಯವಿಟ್ಟು ಪಕ್ಕಡ್ ಹಿಡಿದು ಬಗ್ಗಿಸಲು ಹೋಗಬೇಡಿ. ಅಂಥ ಮ್ಯಾಗಝಿನ್ ಬದಲಿಸುವುದೇ ದಾರಿ.

ಈಗ ನಿಮ್ಮ ಎಣ್ಣೆಯ ವಿಷಯ. ನಿಮಗೆ ನಾನು ಹೇಳಿಕೊಡಬೇಕಿಲ್ಲ, ತೊಗರಿಯ ಸಿಪ್ಪೆ ಬಿಡಲಿ ಅಂತ ಮಿಲ್‌ನಲ್ಲಿ ಎಣ್ಣೆ ಸವರುತ್ತೀರಿ. ಮ್ಯಾಗಝಿನ್‌ನಲ್ಲಿ ಅದೇ ಎಣ್ಣೆ ಉಲ್ಟಾ ಕೆಲಸ ಮಾಡುತ್ತದೆ. ಮಿಲ್‌ನ ಹೊಟ್ಟಿನ ಪುಡಿಯನ್ನೆಲ್ಲಾ ಹಿಡಿದಿಟ್ಟು ಒಳಗೆ ಅಂಟು ಮಾಡುತ್ತದೆ. ಸ್ಪ್ರಿಂಗ್ ಮೇಲೆ ಇರುವ ತಟ್ಟೆ ನಿಧಾನಕ್ಕೆ ಏರುತ್ತದೆ. ಸ್ಲೈಡ್ ಮಾತ್ರ ಕಾಯುವುದಿಲ್ಲ. ತೋಟಾ ಇನ್ನೂ ಪೂರ್ತಿ ಮೇಲೆ ಬಂದಿರುವುದಿಲ್ಲ, ಅಷ್ಟರಲ್ಲಿ ಅದನ್ನು ನೂಕುತ್ತದೆ. ಮೂತಿ ಹೋಗಿ ಕೆಳಗೆ ಹೊಡೆಯುತ್ತದೆ. ಜೊತೆಗೆ ಎಣ್ಣೆ ತೋಟಾದ ಹಿಂಬದಿಯಲ್ಲಿ ಕಿಡಿ ಹೊತ್ತಿಸುವ ಪ್ರೈಮರ್‌ಗೆ ಇಳಿದರೆ ಅದು ಹಾರದೆಯೂ ಹೋಗಬಹುದು.

ಮ್ಯಾಗಝಿನ್ ಖಾಲಿ ಮಾಡಿ, ತಳದ ತಟ್ಟೆ ಜಾರಿಸಿ ಬಿಚ್ಚಿ. ಹೆಬ್ಬೆರಳು ಅಡ್ಡ ಇಟ್ಟುಕೊಳ್ಳಿ, ಸ್ಪ್ರಿಂಗ್ ಕಣ್ಣಿಗೆ ಹಾರುತ್ತದೆ, ಕನ್ನಡಕ ಇರಲಿ. ಸ್ಪ್ರಿಂಗ್ ಯಾವ ದಿಕ್ಕಿಗೆ ಕೂತಿತ್ತು ಅಂತ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ತಿರುಗಾಮುರುಗಾ ಹಾಕಿ ‘ಕ್ಲೀನ್ ಮಾಡಿದ ಮೇಲೆ ಜಾಸ್ತಿ ಕೆಟ್ಟಿತು’ ಅಂತ ಬಂದವರನ್ನು ಬಹಳ ನೋಡಿದ್ದೇನೆ. ಒಣ ಚಿಂದಿಯಲ್ಲಿ ಒಳಗೆಲ್ಲಾ ಒರೆಸಿ. ಸ್ಪ್ರಿಂಗ್‌ಗೆ ತುಕ್ಕು ಹಿಡಿಯದಷ್ಟು ಎಣ್ಣೆಯ ಪಸೆ ಸಾಕು, ಅದನ್ನೂ ಒರೆಸಿಯೇ ಹಾಕಿ.

ಎಣ್ಣೆಗಿಂತ ನನಗೆ ಚಿಂತೆ ಹತ್ತಿಸಿದ್ದು ದಿನಾ ಲೋಡ್ ಮಾಡಿ ಖಾಲಿ ಮಾಡುವ ನಿಮ್ಮ ರೂಢಿ. ರಾತ್ರಿ ಚೇಂಬರ್‌ನಿಂದ ತೆಗೆದ ರೌಂಡನ್ನೇ ಬೆಳಿಗ್ಗೆ ಮತ್ತೆ ಮೇಲೆ ಇಡುತ್ತೀರಿ, ಹೌದಲ್ರಿ? ಅಂದರೆ ಅದೊಂದೇ ತೋಟಾ ತಿಂಗಳುಗಟ್ಟಲೆ ಮೂತಿಗೆ ಪೆಟ್ಟು ತಿನ್ನುತ್ತಿದೆ. ಪ್ರತಿ ಪೆಟ್ಟಿಗೂ ಗುಂಡು ಸ್ವಲ್ಪ ಸ್ವಲ್ಪವೇ ತೋಟಾದ ಕೊಳವೆಯೊಳಗೆ ಇಳಿಯಬಹುದು. ಮೇಜಿನ ಮೇಲೆ ಅದನ್ನೂ ಡಬ್ಬಿಯಿಂದ ತೆಗೆದ ಹೊಸದನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿ. ಗಿಡ್ಡವಾಗಿ ಕಂಡರೆ ಹಾರಿಸಲೇಬೇಡಿ. ಗಿಡ್ಡ ತೋಟಾ ಸಿಕ್ಕಿಕೊಳ್ಳುತ್ತದೆ, ಅದು ಸಣ್ಣ ಮಾತು. ಒಳಗೆ ಮದ್ದಿಗೆ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ, ಅದು ಪಿಸ್ತೂಲನ್ನೂ ಕೈಯನ್ನೂ ಕೆಡಿಸುವ ಮಾತು. ಬೇರೆ ಇಟ್ಟು ಲೈಸೆನ್ಸ್ ಇರುವ ಡೀಲರ್ ಕೈಗೆ ಒಪ್ಪಿಸಿ.

ಇನ್ನು .32 ತೋಟಾದ ಒಂದು ಗುಣ. ಇದರ ಹಿಂಬದಿಯ ಅಂಚು ಮೈಗಿಂತ ಕೂದಲೆಳೆಯಷ್ಟು ಹೊರಗೆ ಇರುತ್ತದೆ. ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಬರಬೇಕು. ಹಿಂದೆ ಕೂತರೆ ಎರಡೂ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ.

ಕೊನೆಗೆ, ಖಾಲಿ ಮಾಡುವಾಗ ಮೊದಲು ಮ್ಯಾಗಝಿನ್ ಹೊರಗೆ, ಆಮೇಲೆ ಸ್ಲೈಡ್ ಹಿಂದಕ್ಕೆ. ಉಲ್ಟಾ ಮಾಡಿದರೆ ಚೇಂಬರ್‌ನ ರೌಂಡ್ ಹೊರಬೀಳುತ್ತದೆ, ಮ್ಯಾಗಝಿನ್‌ನಿಂದ ಇನ್ನೊಂದು ಒಳಗೆ ಹೋಗುತ್ತದೆ, ನೀವು ಖಾಲಿ ಅಂತ ನಂಬಿರುತ್ತೀರಿ. ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಮನೆಯಲ್ಲಿ ಪರೀಕ್ಷೆ ಮಾಡುವುದಾದರೆ ಮದ್ದಿಲ್ಲದ ಡಮ್ಮಿ ರೌಂಡ್ ಮಾತ್ರ.

ಪ್ರಶ್ನೆ: ಬೀದರ್‌ನ ಕಾಲೇಜು ಹುಡುಗಿ ನಾನು. 25 ಮೀಟರ್ ಸ್ಪೋರ್ಟ್ಸ್ ಪಿಸ್ತೂಲು ಅಭ್ಯಾಸ ಮಾಡುತ್ತೇನೆ. .22 ರೌಂಡ್ ಮೂರನೆಯದೋ ನಾಲ್ಕನೆಯದೋ ನಿಲ್ಲುತ್ತದೆ. ಸ್ಪರ್ಧೆಯಲ್ಲಿ ಹೀಗಾದರೆ ಏನು ಮಾಡಲಿ?

ಉತ್ತರ: ಮಗಳೇ, .22ಕ್ಕೆ ಅಂಚು ಇನ್ನೂ ದೊಡ್ಡದು. ಹಾಗಾಗಿ ಮೇಲೆ ಹೇಳಿದ ಕೊಂಡಿ ಬೀಳುವ ತೊಂದರೆ ನಿನಗೆ ಜಾಸ್ತಿ. ಐದೇ ರೌಂಡ್ ತಾನೆ, ಅವಸರ ಬೇಡ. ಒಂದೊಂದನ್ನೂ ನೋಡಿ ಕೂರಿಸು. ಆ ಗುಂಡು ಬರೀ ಸೀಸ, ಮೇಲೆ ಮೇಣದಂಥ ಲೇಪ ಇರುತ್ತದೆ. ಅದು ಮ್ಯಾಗಝಿನ್ ಬಾಯಲ್ಲೂ ಚೇಂಬರ್‌ನಲ್ಲೂ ಮೆತ್ತಿಕೊಳ್ಳುತ್ತದೆ, ಅಭ್ಯಾಸ ಮುಗಿದ ಮೇಲೆ ಒರೆಸು. ಬೇರೆ ತಯಾರಿಕೆಯ ತೋಟಾವನ್ನೂ ಹಾಕಿ ನೋಡು. ಒಂದು ಪಿಸ್ತೂಲಿಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ.

ಸ್ಪರ್ಧೆಯಲ್ಲಿ ನಿಂತರೆ ಬ್ಯಾರಲ್ ಟಾರ್ಗೆಟ್ ಕಡೆಗೇ ಇರಲಿ, ಖಾಲಿ ಕೈ ಮೇಲೆತ್ತು. ಸ್ಲೈಡ್ ಎಳೆಯಬೇಡ, ಸೇಫ್ಟಿ ಮುಟ್ಟಬೇಡ. ನೀನೇ ತೆರೆದರೆ ರೇಂಜ್ ಆಫೀಸರ್ ಅದನ್ನು ಒಪ್ಪುವ ಅಡಚಣೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಹಾರಿಸದ ರೌಂಡ್‌ಗಳ ಅಂಕ ಹೋಗುತ್ತದೆ.

ಪ್ರಶ್ನೆ: ಸೋತ ಸ್ಪ್ರಿಂಗನ್ನು ಕೈಯಿಂದ ಎಳೆದು ಉದ್ದ ಮಾಡಬಹುದೇ? ತುಂಬಿ ಇಟ್ಟರೆ ಸ್ಪ್ರಿಂಗ್ ಸಾಯುತ್ತದೆಯೇ? (ಯಾದಗಿರಿಯ ಓದುಗರು)

ಉತ್ತರ: ಎಳೆಯಬೇಡಿ. ನಾಲ್ಕು ದಿನ ಚೆನ್ನಾಗಿರುತ್ತದೆ, ಐದನೇ ದಿನ ಮೊದಲಿಗಿಂತ ಗಿಡ್ಡ. ಹೊಸದು ಹಾಕಿಸಿ. ಪಿಸ್ತೂಲಿನ ರಿಪೇರಿ ಇದ್ದರೆ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರವೇ ಹೋಗಿ, ನಿಮ್ಮ ಲೈಸೆನ್ಸ್ ಪುಸ್ತಕವೂ ಜೊತೆಗಿರಲಿ. ಒಳ್ಳೆಯ ಸ್ಪ್ರಿಂಗ್ ಸುಮ್ನೆ ತುಂಬಿ ಇಟ್ಟಿದ್ದಕ್ಕೆ ಬೇಗ ಸೋಲುವುದಿಲ್ಲ. ಒತ್ತಿ ಬಿಟ್ಟು ಒತ್ತಿ ಬಿಟ್ಟು ಸವೆಯುವುದೇ ಜಾಸ್ತಿ. ಆಮೇಲೆ ತುಕ್ಕು. ಭೀಮಾ ತೀರದ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಮ್ಯಾಗಝಿನ್ ಇಟ್ಟು ಮರೆಯುವವರಿಗೆ ಇದು ಗೊತ್ತಿರುತ್ತದೆ.