ಬಿಚ್ಚಿಕೊಂಡ ಟೈರಿನ ಮೇಲೆ ಮತ್ತೆ ಮತ್ತೆ ಗಮ್ ಸುರಿಯೋ ಮುಂಚೆ ಇದನ್ನ ಓದಿ

ನಮ್ಮ ಆರ್‌ಸಿ (ರಿಮೋಟಲ್ಲಿ ಓಡಿಸೋ ಆಟದ ಗಾಡಿ) ಗುಂಪಲ್ಲಿ ಗೌರಿಬಿದನೂರಿನವರು ಹಾಕಿರೋ ಫೋಟೋ ನೋಡಿ ಸುಮ್ಮನಿರೋಕಾಗಲಿಲ್ಲ, ಅದಕ್ಕೇ ಇಷ್ಟುದ್ದ. ನಿಜ ಗಾಡಿಯ ಹತ್ತನೇ ಒಂದರ ಅಳತೆಯ (1/10) ಟ್ರಕ್ಕು, ಕ್ರೋಮ್ ರಿಮ್ಮು, 3ಎಸ್ ಅಂದ್ರೆ ಮೂರು ಸೆಲ್ಲಿನ ಬ್ಯಾಟರಿ. ಹಿಂದಿನ ಎಡಗಡೆ ಟೈರು ಎರಡು ಸಲ ರಿಮ್ಮಿಂದ ಬಿಟ್ಟುಕೊಂಡಿದೆ, ಎರಡು ಸಲವೂ ಬಿಟ್ಟ ಜಾಗಕ್ಕೇ ಫೆವಿಕ್ವಿಕ್ ಸುರಿದಿದ್ದಾರೆ, ಈಗ ಅರಾಲ್ಡೈಟ್ ಹಾಕ್ಲಾ ಅಂತ ಕೇಳ್ತಿದ್ದಾರೆ. ಬೇಡ ಸಾರ್. ಇದೇ ತಪ್ಪು ನಾನೂ ಮಾಡಿದೀನಿ, ಒಂದು ಜೊತೆ ಟೈರು, ಅದರ ಜೊತೆಗೆ ರಿಮ್ಮು, ಎರಡೂ ಕಸಕ್ಕೆ ಹೋದವು.

ನಿಮ್ಮ ಎರಡನೇ ಫೋಟೋನ ದೊಡ್ಡದು ಮಾಡಿ ನೋಡಿ. ಟೈರಿನ ಬೀಡ್ (ರಿಮ್ಮಿನ ಗ್ರೂವಲ್ಲಿ, ಅಂದ್ರೆ ಅಂಚಿನ ಕಾಲುವೆಯಲ್ಲಿ ಕೂರೋ ಟೈರಿನ ಅಂಚು) ಮೇಲೆ ಬೆಳ್ಳಿ ಬಣ್ಣದ ಸಿಪ್ಪೆ ಅಂಟಿಕೊಂಡಿದೆ. ಗಮ್ ತನ್ನ ಕೆಲಸ ಮಾಡಿದೆ, ಅದು ಹಿಡಿದುಕೊಂಡಿರೋದು ಕ್ರೋಮನ್ನ, ರಿಮ್ಮನ್ನಲ್ಲ. ಆ ಕ್ರೋಮ್ ಪದರವೇ ಪ್ಲಾಸ್ಟಿಕ್ಕಿಂದ ಎದ್ದು ಬಂದಿದೆ. ಅದರ ಮೇಲೆ ಏನು ಹಾಕಿದ್ರೂ ಅದೂ ಸಿಪ್ಪೆ ಸಮೇತ ಬರುತ್ತೆ. ಅರಾಲ್ಡೈಟ್ ಇನ್ನೂ ಕೆಟ್ಟದು. ಗಟ್ಟಿಯಾಗಿ ಕಲ್ಲಿನ ಥರ ಕೂರುತ್ತೆ, ಟೈರು ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಆಡುತ್ತೆ, ನಾಲ್ಕು ಜಂಪಿಗೆ ರಬ್ಬರಿಂದ ಚಕ್ಕೆ ಎದ್ದು ಹೋಗುತ್ತೆ. ಎಂ-ಸೀಲ್ ಬಗ್ಗೆ ಕೆಳಗೆ ಯಾರೋ ಕೇಳಿದ್ದಾರೆ, ಅದಕ್ಕೂ ಇದೇ ಉತ್ತರ. ಟೈರಿಗೆ ತೆಳು ಸಿಎ (ಸಯನೋಅಕ್ರಿಲೇಟ್, ಫೆವಿಕ್ವಿಕ್ ಜಾತಿಯ) ಗಮ್ಮೇ ಸರಿ. ಆದ್ರೆ ಹಳೇ ಗಮ್ ಮೇಲೆ ಹೊಸ ಗಮ್ ನಿಲ್ಲಲ್ಲ, ಅದನ್ನ ಪೂರ್ತಿ ತೆಗೀಲೇಬೇಕು.

ತೆಗೆಯೋ ಮುಂಚೆ ರಿಮ್ಮು ಯಾವ ಪ್ಲಾಸ್ಟಿಕ್ ಅಂತ ಗೊತ್ತು ಮಾಡ್ಕೊಳ್ಳಿ, ಇಲ್ಲಿ ಬಹಳ ಜನ ಎಡವೋದು. ಒಳಗಡೆ ಕಾಣದ ಜಾಗಕ್ಕೆ ಒಂದು ಹನಿ ಅಸಿಟೋನ್ ಹಚ್ಚಿ ಅರ್ಧ ನಿಮಿಷ ಬಿಡಿ. ಜಿಗುಟಾದ್ರೆ ಅದು ಎಬಿಎಸ್, ಏನೂ ಆಗದಿದ್ರೆ ನೈಲಾನ್. ಕ್ರೋಮ್ ಹಾಕಿದ ರಿಮ್ಮು ಬಹುಪಾಲು ಎಬಿಎಸ್ಸೇ ಇರುತ್ತೆ. ಯೂಟ್ಯೂಬ್ ನೋಡಿ ಅಂಥ ರಿಮ್ಮನ್ನ ಅಸಿಟೋನಲ್ಲಿ ನೆನೆ ಹಾಕಿದ್ರೆ ಬೆಳಗ್ಗೆ ನಿಮಗೆ ಸಿಗೋದು ಬಿಳಿ ಗಂಜಿ.

ನೈಲಾನ್ ಆದ್ರೆ ಕುದಿಯೋ ನೀರು ಸಾಕು. ಅಡುಗೆಗೆ ಬಳಸದ ಹಳೇ ಪಾತ್ರೆ ತಗೊಳ್ಳಿ, ಮತ್ತೆ ಅದನ್ನ ಅಡುಗೆಮನೆಗೆ ಒಯ್ಯಬೇಡಿ. ಚಕ್ರದೊಳಗೆ ಗಾಳಿ ಇರೋದ್ರಿಂದ ತೇಲುತ್ತೆ, ಮೇಲೊಂದು ಕಲ್ಲು ಇಟ್ಟು ಮುಳುಗಿಸಿ. 20ರಿಂದ 30 ನಿಮಿಷ ಕುದೀಲಿ. ಕೋಲಾರ, ಚಿಕ್ಕಬಳ್ಳಾಪುರ ಸಮುದ್ರಮಟ್ಟಕ್ಕಿಂತ 800 ಮೀಟರ್‌ಗೂ ಮೇಲಿವೆ, ನಮ್ಮಲ್ಲಿ ನೀರು 97 ಡಿಗ್ರಿ ಆಸುಪಾಸಲ್ಲೇ ಕುದಿಯೋದು. ಅದು ಸಾಲದು ಅಂತ ಕುಕ್ಕರಿಗೆ ಹಾಕೋ ಯೋಚನೆ ಬೇಡ, ರಿಮ್ಮು ಸೊಟ್ಟಗಾಗುತ್ತೆ, ಸಿಎ ಬಿಡೋಕೆ 97 ಧಾರಾಳ ಸಾಕು. ಇಕ್ಕಳದಲ್ಲಿ ಎತ್ತಿ, ಮೊದಲು ಟೈರೊಳಗೆ ತುಂಬಿರೋ ಫೋಮ್ (ಸ್ಪಂಜಿನ ಬಳೆ) ಹೀರಿರೋ ಬಿಸಿನೀರನ್ನ ರಿಮ್ಮಿನ ಗಾಳಿರಂಧ್ರದಿಂದ ಬಸಿದುಬಿಡಿ. ಹಾಗೇ ಕೈಯಲ್ಲಿ ಹಿಸುಕಿದ್ರೆ ಕುದಿನೀರು ಮುಖಕ್ಕೆ ಚಿಮ್ಮುತ್ತೆ. ಆಮೇಲೆ ದಪ್ಪ ರಬ್ಬರ್ ಗ್ಲೌಸ್ ಹಾಕಿ, ತುದಿ ಮೊಂಡಾದ ಸ್ಕ್ರೂಡ್ರೈವರನ್ನ ಬೀಡ್ ಕೆಳಗೆ ತೂರಿಸಿ ಬಿಸಿ ಇರುವಾಗಲೇ ಸುತ್ತ ಬಿಡಿಸ್ತಾ ಬನ್ನಿ. ತಣ್ಣಗಾಗಿ ಬಿಗಿಯಾಯ್ತು ಅನಿಸಿದ ತಕ್ಷಣ ವಾಪಸ್ ನೀರಿಗೆ ಹಾಕಿ. ಬಲವಂತ ಮಾಡಿ ಎಳೆದ್ರೆ ಬೀಡ್ ಹರಿಯುತ್ತೆ, ಬೀಡ್ ಹರಿದ ಟೈರಿಗೆ ಔಷಧಿ ಇಲ್ಲ.

ನಿಮ್ಮ ಥರ ಎಬಿಎಸ್ ಆದ್ರೆ ಕುದಿಸಬೇಡಿ. ನೀರು ಕುದಿಯೋಕೆ ಮುಂಚೆ, ತಳದಲ್ಲಿ ಸಣ್ಣ ಗುಳ್ಳೆ ಏಳೋ ಹೊತ್ತಿಗೆ ಒಲೆ ಆರಿಸಿ, ಚಕ್ರ ಹಾಕಿ ಮುಚ್ಚಿ 15 ನಿಮಿಷ ಬಿಡಿ. ಮೂರು ನಾಲ್ಕು ಸಲ ಇದೇ ಮಾಡ್ಬೇಕಾಗುತ್ತೆ, ನಿಧಾನ ಆದ್ರೂ ರಿಮ್ಮು ಉಳಿಯುತ್ತೆ. ನೈಲಾನಿಗೆ ಅಸಿಟೋನ್ ನಡೆಯುತ್ತೆ, ಆದ್ರೆ ರಬ್ಬರು ಊದಿಕೊಂಡು ಒಣಗಿದ ಮೇಲೆ ಒಂಚೂರು ಗಡಸಾಗುತ್ತೆ, ಫೋಮೂ ಹಾಳಾಗಬಹುದು, ಹಬೆಗೆ ಬೆಂಕಿ ಹತ್ತೋ ಭಯ ಬೇರೆ. ನೀರಲ್ಲಿ ಆಗೋ ಕೆಲಸಕ್ಕೆ ಅದ್ಯಾಕೆ?

ಈಗ ಸ್ವಚ್ಛ ಮಾಡೋ ವಿಷಯ. ಬಿಚ್ಚಿಕೊಂಡ ಟೈರುಗಳಲ್ಲಿ ಹೆಚ್ಚಿನವು ಇಲ್ಲೇ ಸೋತಿರೋದು, ಗಮ್ಮಲ್ಲಲ್ಲ. ಹೊಸ ಟೈರು ಅಚ್ಚಿಂದ ಸಲೀಸಾಗಿ ಈಚೆ ಬರಲಿ ಅಂತ ಅಚ್ಚಿಗೆ ಜಾರೋ ಪದಾರ್ಥ ಹಚ್ಚಿರ್ತಾರೆ, ಅದು ಬೀಡ್ ಮೇಲೆ ಉಳಿದಿರುತ್ತೆ. ಕಣ್ಣಿಗೆ ಕಾಣಲ್ಲ, ಬೆರಳಿಗೆ ಒಂಚೂರು ನುಣುಪು ಗೊತ್ತಾಗುತ್ತೆ. ರಿಮ್ಮಿಗೂ ಹಾಗೇ. ಮೊದಲು ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಬೀಡನ್ನೂ ರಿಮ್ಮಿನ ಗ್ರೂವನ್ನೂ ಉಜ್ಜಿ, ತೊಳೆದು ಪೂರ್ತಿ ಒಣಗಿಸಿ. ಆಮೇಲೆ 180 ನಂಬರ್ ಉಪ್ಪುಕಾಗದವನ್ನ ಬೆರಳಗಲ ಕತ್ತರಿಸಿ, ಮಡಚಿ, ಗ್ರೂವಿನ ತಳಕ್ಕೂ ಎರಡೂ ಗೋಡೆಗೂ ಹೊಳಪು ಹೋಗೋವರೆಗೆ ಉಜ್ಜಿ. ಕ್ರೋಮ್ ಇದ್ರೆ ಗ್ರೂವಿನೊಳಗೆ ಒಂದು ಚುಕ್ಕೆ ಬೆಳ್ಳಿಯೂ ಉಳೀಬಾರದು, ಒಳಗಿನ ಪ್ಲಾಸ್ಟಿಕ್ ಬಣ್ಣವೇ ಕಾಣ್ಬೇಕು. ಹೊರಗಡೆ ಚೆಂದ ಹಾಗೇ ಇರಲಿ, ಗ್ರೂವಲ್ಲಿ ಮಾತ್ರ ಬೇಡ. ಟೈರಿನ ಬೀಡಿಗೆ 220 ಸಾಕು, ಹಗುರ ಕೈಯಲ್ಲಿ. ಹಳೇ ಗಮ್ ಬಿಳಿ ಪದರ ಕಟ್ಟಿದ್ರೆ ಉಗುರಲ್ಲಿ ಕೆರೆದು ತೆಗೀರಿ, ಬ್ಲೇಡ್ ಹಾಕ್ಬೇಡಿ.

ಇಷ್ಟಾದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್. ಬಿಳಿ ಬಟ್ಟೆ ತುಂಡಿಗೆ ಹಾಕಿ ಬೀಡ್ ಸುತ್ತ ಒಂದು ಸುತ್ತು ಒರೆಸಿ, ಬಟ್ಟೆ ಕಪ್ಪಾಗುತ್ತೆ. ಹೊಸ ಜಾಗ ಮಡಚಿ ಇನ್ನೊಂದು ಸುತ್ತು. ಬಟ್ಟೆ ಬೆಳ್ಳಗೆ ಉಳಿಯೋವರೆಗೆ, ಕಡೇ ಪಕ್ಷ ಮೂರು ಸುತ್ತು. ಅಲ್ಲಿಂದಾಚೆ ಬೀಡನ್ನ ಬರಿಗೈಯಲ್ಲಿ ಮುಟ್ಟೋ ಹಾಗಿಲ್ಲ, ಬೆರಳಿನ ಎಣ್ಣೆಯೇ ಸಾಕು ಕೆಡಿಸೋಕೆ. ಸ್ಯಾನಿಟೈಸರ್ ಬಳಸಬೇಡಿ, ಅದರಲ್ಲಿರೋ ಗ್ಲಿಸರಿನ್ ಪದರವಾಗಿ ಕೂರುತ್ತೆ. ಪೆಟ್ರೋಲ್ ಬೇಡ, ರಬ್ಬರು ಊದುತ್ತೆ, ಎಣ್ಣೆ ಪಸೆ ಬಿಡುತ್ತೆ. ಇನ್ನು ಟೈರು ಫಳಫಳ ಅನ್ನಲಿ ಅಂತ ಕಾರಿನ ಟೈರ್ ಪಾಲಿಶ್ ಬಳಿದು ಫೋಟೋ ಹಾಕೋರು ಈ ಗುಂಪಲ್ಲೇ ಇದ್ದಾರೆ. ಅದರಲ್ಲಿ ಸಿಲಿಕೋನ್ ಎಣ್ಣೆ ಇರುತ್ತೆ, ಒಂದು ಸಲ ಬೀಡಿಗೆ ತಾಗಿದ್ರೆ ಆಮೇಲೆ ಎಷ್ಟು ತೊಳೆದ್ರೂ ಗಮ್ ಹಿಡಿಯೋದು ಕಷ್ಟ. ಓಡಿಸೋ ಗಾಡಿಗೆ ಅದನ್ನ ಹಚ್ಚಲೇಬೇಡಿ.

ಕೂರಿಸುವಾಗ ಫೋಮಿನ ಅಂಚು ಬೀಡಿಗೂ ರಿಮ್ಮಿಗೂ ಮಧ್ಯೆ ಸಿಕ್ಕಿಕೊಂಡಿದ್ಯಾ ನೋಡಿ. ಟೈರಿನ ಬಾಣದ ಗುರುತು ಎಡ ಬಲ ಸರಿಯಿದ್ಯಾ ನೋಡಿ. ಗಮ್ ಹಾಕೋ ಮುಂಚೆ ಆಕ್ಸಲ್‌ಗೆ ಸಿಕ್ಕಿಸಿ ಕೈಯಲ್ಲಿ ತಿರುಗಿಸಿ, ತೂಗಾಡಿದ್ರೆ ಬೀಡ್ ಎಲ್ಲೋ ಗ್ರೂವಿನಿಂದ ಮೇಲೆ ಕೂತಿದೆ ಅಂತಲೇ ಅರ್ಥ. ಸಿಎ ಗಮ್ಮಿಗೆ ಅಡ್ಡ ಎಳೆತ ತಡೆಯೋ ಶಕ್ತಿ ಚೆನ್ನಾಗಿದೆ, ತುದಿಯಿಂದ ಸಿಪ್ಪೆ ಸುಲಿದ ಹಾಗೆ ಎತ್ತಿದ್ರೆ ಬೇಗ ಸೋಲುತ್ತೆ. ಬೀಡ್ ಗ್ರೂವಿನ ತಳಕ್ಕೆ ಕೂತಿದ್ರೆ ಆ ಸುಲಿಯೋ ಎಳೆತ ಗಮ್ಮಿಗೆ ಬರೋದೇ ಕಮ್ಮಿ.

ಅಂಗಡಿಯಲ್ಲಿ ಸಿಗೋ ಟೈರ್ ಬ್ಯಾಂಡಿಗೆ ದುಡ್ಡು ಹಾಕ್ಬೇಡಿ. ಪಂಚರ್ ಅಂಗಡೀಲಿ ಹಳೇ ಸೈಕಲ್ ಟ್ಯೂಬ್ ಕೇಳಿ ತಂದು, ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ, ಟೈರಿನ ಬಟನ್ನುಗಳ (ನೆಲ ಹಿಡಿಯೋ ಗುಬ್ಬಿಗಳ) ಮೇಲೆ ನಡುಮಧ್ಯಕ್ಕೆ ಎಳೆದು ಬಿಗಿಯಾಗಿ ಗಂಟು ಹಾಕಿ. ಬೀಡ್ ಎರಡೂ ಕಡೆ ಗ್ರೂವಿಗೆ ಒತ್ತಿ ಕೂರುತ್ತೆ. ಅಂಚಿಗೆ ಬರಬಾರದು, ಗಮ್ ಹರಿದು ಟ್ಯೂಬೇ ಅಂಟಿಕೊಳ್ಳುತ್ತೆ.

ಗಮ್ ಹಾಕೋವಾಗ ಮೊದಲು ಗಡಿಯಾರದ 12, 6, 3, 9ರ ಜಾಗದಲ್ಲಿ ಒಂದೊಂದು ಹನಿ. ಹೆಬ್ಬೆರಳಲ್ಲಿ ಸೈಡ್‌ವಾಲನ್ನ (ಟೈರಿನ ಪಕ್ಕದ ಗೋಡೆ) ಸ್ವಲ್ಪ ಹಿಂದಕ್ಕೆ ಎಳೆದು ಗ್ರೂವಿನ ಬುಡಕ್ಕೆ ಹನಿ ಬಿಟ್ಟು, ಬೆರಳು ತೆಗೆದು ಹತ್ತು ಎಣಿಸಿ. ನಾಲ್ಕೂ ಹಿಡಿದ ಮೇಲೆ ಮಧ್ಯದ ಜಾಗ ತುಂಬಿಸ್ತಾ ಬನ್ನಿ. ತೆಳು ಗಮ್ ತಾನಾಗೇ ಸಂದಿಗೆ ಹೀರಿಕೊಳ್ಳುತ್ತೆ. ಒಂದು ಬದಿಗೆ 10-12 ಹನಿ, ನಾಲ್ಕು ಚಕ್ರಕ್ಕೆ ಸೇರಿ 2 ಗ್ರಾಂ ದಾಟಬಾರದು. ಜಾಸ್ತಿ ಹಾಕಿದ್ರೆ ಗಟ್ಟಿ ಅಂದ್ಕೊಂಡಿದ್ರೆ ಅದು ಉಲ್ಟಾ, ದಪ್ಪ ಪದರ ನಿಧಾನಕ್ಕೆ ಒಣಗುತ್ತೆ, ಒಣಗಿದ ಮೇಲೂ ಪೆಡಸಾಗಿರುತ್ತೆ. ಒಂದು ಬದಿ ಆದ ಮೇಲೆ ಕಾಲು ಗಂಟೆ ಬಿಟ್ಟು ಇನ್ನೊಂದು ಬದಿ. ಓಡಿಸೋದು ಮಾರನೇ ದಿನ. ಹತ್ತು ನಿಮಿಷಕ್ಕೆ ಕೈಗೆ ಗಟ್ಟಿ ಅನಿಸುತ್ತೆ, ಅದನ್ನ ನಂಬಿ ಫುಲ್ ಥ್ರಾಟಲ್ ಕೊಟ್ರೆ ಮತ್ತೆ ಇದೇ ಥ್ರೆಡ್ಡಿಗೆ ಬರ್ತೀರ.

ಬ್ರ್ಯಾಂಡ್ ಬಗ್ಗೆ ಕೇಳಿದ್ರೆ, ಫೆವಿಕ್ವಿಕ್ಕೂ ಸಿಎ ಗಮ್ಮೇ, ಕೆಲಸ ಮಾಡುತ್ತೆ. ತೊಂದರೆ ಅದರ ಅರ್ಧ ಗ್ರಾಂ ಟ್ಯೂಬಿಂದು, ಹನಿ ಹತೋಟಿಗೆ ಬರಲ್ಲ, ಒತ್ತಿದ್ರೆ ಸುರಿಯುತ್ತೆ. ಮನೇಲಿ ಉಳಿದಿರೋ ಹಳೇ ಇಯರ್‌ಬಡ್‌ನ (ಪ್ಲಾಸ್ಟಿಕ್ ಕಡ್ಡಿಯವು 2022ರಲ್ಲೇ ನಿಷೇಧ ಆದವು) ಪೊಳ್ಳು ಪ್ಲಾಸ್ಟಿಕ್ ಕಡ್ಡಿಯಿಂದ ಹತ್ತಿ ಪೂರ್ತಿ ಕಿತ್ತು, ಆ ಕಡ್ಡೀನ ಮೂತಿಗೆ ಸಿಕ್ಕಿಸಿದ್ರೆ ಸರಿಹೋಗುತ್ತೆ. ವರ್ಷಕ್ಕೆ ಮೂರು ನಾಲ್ಕು ಸೆಟ್ ಹಾಕೋರಾದ್ರೆ ಲಾಕ್‌ಟೈಟ್ 406 ತಗೊಳ್ಳಿ, ರಬ್ಬರು ಪ್ಲಾಸ್ಟಿಕ್ಕಿಗೆ ಅಂತಲೇ ಇರೋದು, ತೆಳು. 401 ಸ್ವಲ್ಪ ದಪ್ಪ, ಬೀಡ್ ಸರಿಯಾಗಿ ಕೂರದ ಅಗ್ಗದ ರಿಮ್ಮಿಗೆ ಒಳ್ಳೇದು. ಹಾಬಿ ಬ್ರ್ಯಾಂಡಿನ ಟೈರ್ ಗಮ್ಮೂ ಸಿಎನೇ, ನೀವು ದುಡ್ಡು ಕೊಡೋದು ಮೂತಿಗೆ. ಬೇಗ ಒಣಗಿಸೋ ಸ್ಪ್ರೇ ಹೊಡೀಬೇಡಿ, ಜಾಯಿಂಟ್ ಬಿಸ್ಕತ್ತಿನ ಹಾಗೆ ಮುರಿಯುತ್ತೆ.

ಸಿಎ ಒಣಗೋದು ಗಾಳಿಯಲ್ಲಿರೋ ತೇವದಿಂದ. ಮಾರ್ಚ್, ಏಪ್ರಿಲಲ್ಲಿ ನಮ್ಮ ಬಯಲುಸೀಮೆ ಒಣಹವೆಗೆ ಜಾಸ್ತಿ ಹೊತ್ತು ಹಿಡಿಯುತ್ತೆ. ಚಕ್ರದ ಪಕ್ಕ ಒಂದು ಲೋಟ ಬಿಸಿನೀರಿಟ್ಟು ಎರಡರ ಮೇಲೂ ಬಕೆಟ್ ಬೋರಲು ಹಾಕಿ. ಗಮ್ ಬಾಟ್ಲಿ ಫ್ರಿಜ್ಜಲ್ಲಿಟ್ಟಿದ್ರೆ ಹೊರಗೆ ತೆಗೆದ ತಕ್ಷಣ ಮುಚ್ಚಳ ತೆಗೀಬೇಡಿ, ಒಂದು ಗಂಟೆ ಬಿಡಿ, ಇಲ್ಲಾಂದ್ರೆ ಒಳಗೆ ಬೆವರು ಕೂತು ಬಾಟ್ಲಿಯಲ್ಲೇ ಗಟ್ಟಿಯಾಗುತ್ತೆ.

ಇದನ್ನ ಮಾತ್ರ ಯಾರೂ ಹಗುರವಾಗಿ ತಗೋಬೇಡಿ: ಸಿಎ ಹತ್ತಿ ಬಟ್ಟೆ ಮೇಲೆ ಚೆಲ್ಲಿದ್ರೆ ಧಗ್ಗಂತ ಬಿಸಿಯಾಗುತ್ತೆ, ಹೊಗೆ ಬರುತ್ತೆ, ಚರ್ಮ ಸುಡುತ್ತೆ. ಹತ್ತಿ ಗ್ಲೌಸ್ ಬೇಡ, ತೊಡೆ ಮೇಲಿಟ್ಟುಕೊಂಡು ಪಂಚೆ ಮೇಲೆ ಅಂಟಿಸೋದು ಬೇಡ. ಕಿಟಕಿ ತೆಗೆದಿರಲಿ, ಕನ್ನಡಕ ಹಾಕಿರಿ. ಬೆರಳು ಅಂಟಿದ್ರೆ ಕೀಳಬೇಡಿ, ಬೆಚ್ಚಗಿನ ಸೋಪುನೀರಲ್ಲಿ ನೆನೆಸಿ ನಿಧಾನ ಬಿಡಿಸಿ. ಕಣ್ಣಿಗೆ ಹಾರಿದ್ರೆ ನೀರು ಹಾಕ್ತಾ ನೇರ ಆಸ್ಪತ್ರೆಗೆ. ಮಕ್ಕಳನ್ನ ಕೂರಿಸ್ಕೊಂಡು ಈ ಕೆಲಸ ಮಾಡ್ಬೇಡಿ.

ಶಿರಾದವರು ಸೈಡ್‌ವಾಲ್ ಹರಿದಿದ್ದಕ್ಕೆ ಸಿಎ ಹಾಕಿ, ಒಂದು ವಾರಕ್ಕೆ ಪಕ್ಕದಲ್ಲೇ ಹೊಸ ಬಿರುಕು ಬಂತು ಅಂದಿದ್ದಾರೆ. ಬರದೇ ಇರುತ್ತಾ, ಸಿಎ ಬಿದ್ದ ಜಾಗದಲ್ಲಿ ರಬ್ಬರು ಗಡಸಾಯ್ತು, ಅದರ ಅಂಚಲ್ಲಿ ಮಡಚಿ ಮಡಚಿ ಸೀಳಿತು. ಹರಿದಿದ್ದಕ್ಕೆ ಟೈರು ಬಿಡಿಸಿ ಒಳಗಿಂದ ತೇಪೆ ಹಾಕ್ಬೇಕು. ಸೀಳಿಗಿಂತ ಸುತ್ತ ಒಂದೂವರೆ ಸೆಂಟಿಮೀಟರ್ ದೊಡ್ಡದಿರೋ ಸೈಕಲ್ ಟ್ಯೂಬಿನ ತುಂಡು, ಮೂಲೆ ಗುಂಡಗೆ ಕತ್ತರಿಸಿ. ಎರಡೂ ಕಡೆ ಉಪ್ಪುಕಾಗದದಲ್ಲಿ ಉಜ್ಜಿ, ಒರೆಸಿ, ಪಂಚರ್ ಸೊಲ್ಯೂಷನ್ ತೆಳ್ಳಗೆ ಹಚ್ಚಿ ಐದು ನಿಮಿಷ ಆರೋಕೆ ಬಿಡಿ, ಬೆರಳಿಗೆ ಅಂಟೀ ಅಂಟದಂಗಾದಾಗ ಒತ್ತಿ. ಹಸಿಯಾಗೇ ಒತ್ತಿದ್ರೆ ಜಾರುತ್ತೆ. ಸೀಳು ಎರಡು ಸೆಂಟಿಮೀಟರ್ ದಾಟಿದ್ರೆ, ಇಲ್ಲಾ ಬೀಡ್‌ವರೆಗೂ ಹೋಗಿದ್ರೆ ಹೊಸ ಟೈರು ತಗೊಳ್ಳಿ. ಜಾಲಿಮುಳ್ಳು ಚುಚ್ಚಿದ ತೂತಿಗೆ ಏನೂ ಮಾಡ್ಬೇಕಿಲ್ಲ, ಗಾಳಿ ಟೈರಲ್ವಲ್ಲ. ಮುಳ್ಳು ಮಾತ್ರ ಕಿತ್ತು ಹಾಕಿ, ಫೋಮಲ್ಲಿ ಉಳಿದ್ರೆ ಮುಂದಿನ ಸಲ ನಿಮ್ಮ ಕೈಗೆ.

ಕೆರೆಯಂಗಳದಲ್ಲಿ ಓಡಿಸೋರಿಗೆ: ರಿಮ್ಮಿನ ಗಾಳಿರಂಧ್ರದಿಂದ ಕೆಮ್ಮಣ್ಣಿನ ಧೂಳು ಒಳಗೆ ಹೋಗಿ ಫೋಮಲ್ಲಿ ಕೂರುತ್ತೆ, ಒಂದು ಮಳೆಗೆ ಉಂಡೆ ಕಟ್ಟುತ್ತೆ, ಚಕ್ರ ಕುಣಿಯುತ್ತೆ, ಆ ಕುಣಿತಕ್ಕೇ ಬೀಡ್ ಬಿಡುತ್ತೆ. ರಿಮ್ಮಿನ ತೂತು ಒಳಗಿಂದ ಟೇಪ್ ಹಾಕಿ ಮುಚ್ಚಿ, ಟೈರಿನ ನಡುಮಧ್ಯ ಎದುರುಬದುರಾಗಿ 3 ಮಿಲಿಮೀಟರಿನ ಎರಡು ತೂತು ಹಾಕಿ, ಬೆಲ್ಟಿಗೆ ತೂತು ಹಾಕೋ ಪಂಚಲ್ಲಿ. ನೀರು ತಿರುಗೋ ರಭಸಕ್ಕೆ ಈಚೆ ಬರುತ್ತೆ. ಎರಡನ್ನೂ ಮುಚ್ಚಿಬಿಡಬೇಡಿ, ಗಾಳಿ ಆಡದಿದ್ರೆ ಟೈರು ಚೆಂಡಿನ ಹಾಗೆ ಪುಟಿಯುತ್ತೆ.

ಇನ್ನು 3ಎಸ್. ನಿಮ್ಮ ಟೈರಲ್ಲಿ ಊದದ ಹಾಗೆ ಒಳಗಿಂದ ಹಿಡಿಯೋ ಬೆಲ್ಟ್ ಇಲ್ಲ, ಫುಲ್ ಥ್ರಾಟಲ್ಲಲ್ಲಿ ತಟ್ಟೆ ಥರ ಊದಿ ಬೀಡನ್ನ ಗ್ರೂವಿಂದ ಎಳೆಯುತ್ತೆ. ಈಗ ಹೇಗೂ ಬಿಚ್ತೀರಲ್ಲ, ಒಳಮೈಗೆ ನೂಲಿನೆಳೆ ಇರೋ ಪ್ಯಾಕಿಂಗ್ ಟೇಪನ್ನ ಒಂದು ಸುತ್ತು ಸುತ್ತಿ ಫೋಮ್ ಹಾಕಿ, ಊದೋದು ಕಮ್ಮಿಯಾಗುತ್ತೆ. ನಾಲ್ಕಕ್ಕೂ ಒಂದೇ ಥರ ಮಾಡಿ.

ಉಜ್ಜಿ ಮುಗಿಸಿದ ಮೇಲೆ, ಗಮ್ ಹಾಕೋ ಮುಂಚೆ ಗ್ರೂವಿನ ಫೋಟೋ ಬಿಸಿಲಲ್ಲಿ ತೆಗೆದು ಇಲ್ಲೇ ಹಾಕಿ. ಬೆಳ್ಳಿ ಎಲ್ಲಾದ್ರೂ ಉಳಿದಿದ್ರೆ ಹೇಳ್ತೀನಿ.