ಅಪ್ಪನ ಟ್ರಂಕಿನ ಹಳೆ ನೋಟು

ಪ್ರಶ್ನೆ: ಅಪ್ಪನ ಟ್ರಂಕಿನಲ್ಲಿ ಒಂದು ರೂಪಾಯಿಯ ಹಳೆ ನೋಟುಗಳು, ರದ್ದಾದ ಐನೂರರ ನಾಲ್ಕು ನೋಟುಗಳು ಸಿಕ್ಕಿವೆ. ಲ್ಯಾಮಿನೇಷನ್ ಮಾಡಿಸಲೇ? ಐನೂರರದ್ದು ಇಟ್ಟುಕೊಂಡರೆ ಕೇಸಾಗುತ್ತದೆಯೇ?
– ಓದುಗರೊಬ್ಬರು, ಮದ್ದೂರು

ಉತ್ತರ: ಲ್ಯಾಮಿನೇಷನ್ ಮಾತ್ರ ಬೇಡ ಸ್ವಾಮಿ! ಬಿಸಿಗೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡುವುದಿಲ್ಲ, ಸಂಗ್ರಹಕಾರರು ಅಂಥ ನೋಟನ್ನು ಮೂಸಿಯೂ ನೋಡುವುದಿಲ್ಲ. ಇಸ್ತ್ರಿ, ಸೆಲ್ಲೋಟೇಪೂ ಬೇಡ. ನೋಟಿನ ಆಲ್ಬಮ್ ತಂದು ಮಡಿಕೆ ಬಿಚ್ಚಿ ಇಡಿ, ಸಾಕು.

ಐನೂರರ ಚಿಂತೆ ಬಿಡಿ. 2017ರ ಕಾನೂನಿನ ಪ್ರಕಾರ ರದ್ದಾದ ಐನೂರು, ಸಾವಿರದ ನೋಟುಗಳನ್ನು ಒಟ್ಟು ಹತ್ತರವರೆಗೆ ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಅಧ್ಯಯನಕ್ಕೆ, ಸಂಗ್ರಹಕ್ಕೆ ಆದರೆ ಇಪ್ಪತ್ತೈದು.

ನನಗೆ ಆಸೆ ಹುಟ್ಟಿಸಿದ್ದು ನಿಮ್ಮ ಒಂದು ರೂಪಾಯಿ. ಅದು ರಿಸರ್ವ್ ಬ್ಯಾಂಕಿನ ನೋಟಲ್ಲ, ಭಾರತ ಸರ್ಕಾರದ್ದು. ಹಾಗಾಗಿ ಗವರ್ನರ್ ಸಹಿ ಇರುವುದಿಲ್ಲ, ಹಣಕಾಸು ಕಾರ್ಯದರ್ಶಿಯ ಸಹಿ ಇರುತ್ತದೆ. 1970ರ ದಶಕದ ಕೊನೆಯದಾದರೆ ಭೂತಗನ್ನಡಿ ಹಿಡಿದು ನೋಡಿ, ಮನಮೋಹನ್ ಸಿಂಗ್ ಸಹಿ ಸಿಕ್ಕೀತು. ಅವರೇ 1982ರಲ್ಲಿ ಗವರ್ನರ್ ಆದರು, ದೊಡ್ಡ ನೋಟುಗಳಿಗೂ ಸಹಿ ಹಾಕಿದರು. ನನ್ನ ಆಲ್ಬಮ್‌ನಲ್ಲಿ ಅವರ ಒಂದು ರೂಪಾಯಿ, ಹತ್ತು ರೂಪಾಯಿ ಎದುರುಬದುರು ಕೂತಿವೆ. ಹಾಗಂತ ಭಾರಿ ಬೆಲೆ ಏನಿಲ್ಲ, ಸುಮ್ನೆ ಖುಷಿ.

ಹೊಸ ನೋಟುಗಳನ್ನೂ ಸೇರಿಸಿ. ನಂಬರಿನ ನಡುವೆ ನಕ್ಷತ್ರ ಇದ್ದರೆ ತೆಗೆದಿಡಿ. ಅಚ್ಚಿನಲ್ಲಿ ಕೆಟ್ಟ ನೋಟಿನ ಬದಲು ಕಟ್ಟಿಗೆ ಸೇರಿಸಿದ್ದು ಅದು, 2006ರಿಂದ ಬಂದ ಪದ್ಧತಿ. (ನೋಟು ಅಚ್ಚಾಗುವುದು ನಮ್ಮ ಮೈಸೂರಿನಲ್ಲೂ ಹೌದು. ಆದರೆ ಅಲ್ಲಿ ಹೋಗಿ ಕೇಳಿದರೆ ಕೊಡುವುದಿಲ್ಲ, ಅಲ್ವಾ!)

786 ನಂಬರಿಗೆ ಲಕ್ಷ ಕೊಡುತ್ತೇವೆ ಎಂದು ಯಾರಾದರೂ ಫೋನ್ ಮಾಡಿ ಮೊದಲು ಕಮಿಷನ್ ಕಳಿಸಿ ಅಂದರೆ, ಮಾತು ಬೆಳೆಸದೆ ಕಟ್ ಮಾಡಿ.