ವಿಧವೆಯೂ ಅಲ್ಲ, ವಿಚ್ಛೇದಿತೆಯೂ ಅಲ್ಲ: ನನಗೇನು ದಾರಿ?

ಓದುಗರ ಪತ್ರ: ಹಾಸನ ಜಿಲ್ಲೆಯ ಹಳ್ಳಿಯೊಂದರಿಂದ 31 ವರ್ಷದ ಓದುಗರೊಬ್ಬರು ಬರೆದಿದ್ದಾರೆ. ಗಂಡ ಬೆಂಗಳೂರಿನಲ್ಲಿ ಡ್ರೈವರ್. ಮೂರು ವರ್ಷದಿಂದ ಮನೆಗೆ ಬಂದಿಲ್ಲ, ದುಡ್ಡೂ ಕಳಿಸಿಲ್ಲ. ಆಗೊಮ್ಮೆ ಈಗೊಮ್ಮೆ ವಾಟ್ಸಾಪ್‌ನಲ್ಲಿ ಬೈದು ಮೆಸೇಜ್ ಹಾಕುತ್ತಾರೆ. ವಿಚ್ಛೇದನ ಆಗಿಲ್ಲ. 9 ಮತ್ತು 4 ವರ್ಷದ ಇಬ್ಬರು ಮಕ್ಕಳೊಂದಿಗೆ ಇವರು ತವರಿನಲ್ಲಿದ್ದು, ಹೊಲಿಗೆಯಿಂದ ತಿಂಗಳಿಗೆ 5,500 ರೂಪಾಯಿ ದುಡಿಯುತ್ತಾರೆ. ರೇಷನ್ ಕಾರ್ಡಿನಲ್ಲಿ ಹೆಸರು ಇನ್ನೂ ಅತ್ತೆ ಮನೆಯಲ್ಲೇ ಇದೆ. “3,000 ಕೊಟ್ಟರೆ ವಿಧವಾ ವೇತನ ಮಾಡಿಸಿಕೊಡುತ್ತೇನೆ ಅಂತ ಒಬ್ಬರು ಹೇಳುತ್ತಿದ್ದಾರೆ, ಮಾಡಿಸಲೇ? ಡೈವೋರ್ಸ್ ಆಗದೆ ಜೀವನಾಂಶ ಸಿಗುತ್ತದಾ? ಮಕ್ಕಳಿಗೆ ಸರ್ಕಾರದಿಂದ ಏನಾದರೂ ಇದೆಯಾ? ಶಾಲೆಯಲ್ಲಿ ಅಪ್ಪನ ಸಹಿ ಬೇಕು ಅಂತಾರೆ, ಎಲ್ಲಿಂದ ತರಲಿ?” ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಸಹೋದರಿ, ಮೊದಲು ಆ 3,000 ರೂಪಾಯಿಯ ಮಾತು. ದಯವಿಟ್ಟು ಕೊಡಬೇಡಿ. ವಿಧವಾ ವೇತನ ತಿಂಗಳಿಗೆ 800 ರೂಪಾಯಿ. ಅದಕ್ಕೆ ಗಂಡನ ಮರಣ ಪ್ರಮಾಣಪತ್ರ ಬೇಕು, ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ದಾಟಿರಬಾರದು. ನಿಮಗೆ ಎರಡೂ ಹೊಂದುವುದಿಲ್ಲ. ಸುಳ್ಳು ಕಾಗದದ ಮೇಲೆ ಮಂಜೂರಾದರೂ ಒಂದಲ್ಲ ಒಂದು ದಿನ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತದೆ, ಪಡೆದದ್ದನ್ನೆಲ್ಲ ವಾಪಸ್ ಕಟ್ಟಬೇಕಾಗುತ್ತದೆ, ಕೇಸೂ ಆಗಬಹುದು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಗಂಡ ತೀರಿಕೊಂಡಿದ್ದಾರೆ ಎಂದು ಸರ್ಕಾರಕ್ಕೆ ಬರೆದುಕೊಟ್ಟವರು ನಾಳೆ ಅದೇ ಗಂಡನಿಂದ ಜೀವನಾಂಶ ಕೊಡಿಸಿ ಎಂದು ಕೋರ್ಟಿನಲ್ಲಿ ಕೇಳುವುದು ಹೇಗೆ? ಎದುರಿನ ವಕೀಲರಿಗೆ ಆ ಒಂದು ಕಾಗದ ಸಾಕು.

ಮನಸ್ವಿನಿ ಯೋಜನೆಯನ್ನೂ ಯಾರಾದರೂ ಹೇಳಬಹುದು. ಅದು 40ರಿಂದ 64 ವರ್ಷದ ಅವಿವಾಹಿತ ಮತ್ತು ವಿಚ್ಛೇದಿತ ಮಹಿಳೆಯರಿಗೆ ಕೊಡುವ ಮಾಸಾಶನ. ಸದ್ಯ ನಿಮಗೆ ಅನ್ವಯಿಸುವುದಿಲ್ಲ.

ನಿಮ್ಮ ತೊಂದರೆಯ ಬೇರು ಇಲ್ಲೇ ಇದೆ. ಗಂಡ ಸತ್ತರೆ ಮರಣ ಪ್ರಮಾಣಪತ್ರ ಸಿಗುತ್ತದೆ, ವಿಚ್ಛೇದನವಾದರೆ ಕೋರ್ಟಿನ ಡಿಕ್ರಿ ಸಿಗುತ್ತದೆ. ಬಿಟ್ಟುಹೋದರೆ ಯಾವ ಕಚೇರಿಯೂ ಕಾಗದ ಕೊಡುವುದಿಲ್ಲ. ಅದಿಲ್ಲದೆ ಹೋದ ಕಡೆಯಲ್ಲೆಲ್ಲ “ಗಂಡ ಇದ್ದಾರಲ್ಲ” ಎಂಬ ಮಾತು ಕೇಳಬೇಕು. ಆದ್ದರಿಂದ ಜೀವನಾಂಶದ ಅರ್ಜಿಯನ್ನು ಮೊದಲು ಹಾಕಿ ಎನ್ನುತ್ತೇವೆ. ದುಡ್ಡು ಯಾವಾಗ ಬಂದರೂ ಬರಲಿ, ಕೇಸ್ ನಂಬರ್ ಇರುವ ಆ ಅರ್ಜಿಯ ಪ್ರತಿಯೇ ಮುಂದೆ ಪ್ರತಿ ಕಚೇರಿಯಲ್ಲೂ ನಿಮ್ಮ ಸ್ಥಿತಿ ಹೇಳುವ ಕಾಗದ.

ಜೀವನಾಂಶಕ್ಕೆ ಡೈವೋರ್ಸ್ ಬೇಕಿಲ್ಲ. ಇದಕ್ಕೆ ಹಿಂದೆ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125 ಎನ್ನುತ್ತಿದ್ದುದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ. ನಿಮಗೂ ಇಬ್ಬರು ಮಕ್ಕಳಿಗೂ ಸೇರಿಸಿ ಒಂದೇ ಅರ್ಜಿ ಹಾಕಬಹುದು. ಬೆಂಗಳೂರಿಗೆ ಹೋಗಬೇಕಿಲ್ಲ, ನೀವು ಈಗ ವಾಸವಿರುವ ಜಿಲ್ಲೆಯಲ್ಲೇ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ವಕೀಲರಿಗೆ ದುಡ್ಡಿಲ್ಲ ಎಂದು ಹಿಂಜರಿಯಬೇಡಿ. ತಾಲ್ಲೂಕು ಕೋರ್ಟ್ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರನ್ನು ಉಚಿತವಾಗಿ ನೇಮಿಸಿಕೊಡಬೇಕೆಂದು 1987ರ ಕಾಯ್ದೆಯೇ ಹೇಳುತ್ತದೆ. ಹೋಗುವ ಮುಂಚೆ ವಿಚಾರಿಸಲು 15100ಕ್ಕೆ ಕರೆ ಮಾಡಿ.

ತಡ ಮಾಡಬೇಡಿ ಎನ್ನಲು ಕಾರಣವಿದೆ. 2020ರ ನವೆಂಬರ್‌ನಲ್ಲಿ ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಬೇಕು ಎಂದಿತು. ಅಂದರೆ ಕಳೆದ ಮೂರು ವರ್ಷದ್ದು ಈ ಅರ್ಜಿಯಲ್ಲಿ ಸಿಗುವುದಿಲ್ಲ, ಇನ್ನು ಕಾಯುವ ಪ್ರತಿ ತಿಂಗಳದ್ದೂ ಹೋಗುತ್ತದೆ.

ಅದೇ ತೀರ್ಪಿನಂತೆ ಗಂಡ–ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲ, ಖರ್ಚುಗಳ ಅಫಿಡವಿಟ್ ಕೊಡಬೇಕು. ಇದರಲ್ಲಿ ನಿಮ್ಮ 5,500 ರೂಪಾಯಿ ದುಡಿಮೆಯನ್ನು ಮುಚ್ಚಿಡಬೇಡಿ. ಹೆಂಡತಿ ಅಷ್ಟಿಷ್ಟು ದುಡಿಯುತ್ತಾಳೆಂಬ ಒಂದೇ ಕಾರಣಕ್ಕೆ ಜೀವನಾಂಶ ನಿಲ್ಲುವುದಿಲ್ಲ. ಆದರೆ ನಾಡಕಚೇರಿಯಿಂದ 30,000ದ ಆದಾಯ ಪತ್ರ ಮಾಡಿಸಿ, ಕೋರ್ಟಿಗೆ ವರ್ಷಕ್ಕೆ 66,000 ಎಂದು ಬರೆದುಕೊಟ್ಟರೆ ನಿಮ್ಮ ಮಾತಿನ ಮೇಲೆ ನಂಬಿಕೆ ಹೋಗುತ್ತದೆ. ಎಲ್ಲ ಕಡೆ ಒಂದೇ ಲೆಕ್ಕ ಇರಲಿ.

ಈ ಕೇಸುಗಳು ನಿಂತುಹೋಗುವುದು ಹೆಚ್ಚಾಗಿ ನೋಟಿಸಿನ ಹಂತದಲ್ಲಿ. ಮಧ್ಯಂತರ ಜೀವನಾಂಶದ (ಕೇಸ್ ಮುಗಿಯುವವರೆಗೆ ಕೊಡುವ ಜೀವನಾಂಶ) ಅರ್ಜಿಯನ್ನು ಆದಷ್ಟೂ 60 ದಿನದೊಳಗೆ ಮುಗಿಸಬೇಕೆಂಬ ನಿಯಮವೇನೋ ಇದೆ. ಆದರೆ ಆ 60 ದಿನ ಎಣಿಕೆಯಾಗುವುದು ಗಂಡನ ಕೈಗೆ ನೋಟಿಸ್ ಸೇರಿದ ದಿನದಿಂದ. ಒಂದೇ ವಿಳಾಸ ಕೊಟ್ಟು, ಅದು “ವಿಳಾಸದಲ್ಲಿಲ್ಲ” ಎಂದು ಹಿಂದಿರುಗಿ, ಮತ್ತೆ ನೋಟಿಸ್ ಹೊರಡಿಸುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತವೆ. ಮೊದಲ ದಿನವೇ ಮೂರು ನಾಲ್ಕು ವಿಳಾಸ ಕೊಡಿ: ಬೆಂಗಳೂರಿನ ಬಾಡಿಗೆ ಮನೆ, ಊರಿನ ಮನೆ, ಆಧಾರ್‌ನಲ್ಲಿರುವುದು, ಕೆಲಸ ಮಾಡುವ ಟ್ರಾವೆಲ್ಸ್ ಅಥವಾ ಕಂಪನಿಯದು. ಅವರ ಹೆಸರಿನಲ್ಲೇ ಗಾಡಿ ಇದ್ದರೆ ನಂಬರ್ ಬರೆದಿಡಿ. ನನಗೆ ಸಂಪಾದನೆಯೇ ಇಲ್ಲ ಎಂದು ಅವರು ಹೇಳಿದಾಗ ಬೇಕಾಗುತ್ತದೆ.

ಅವರು ಹೇಳಬಹುದಾದ ಇನ್ನೊಂದು ಮಾತು, “ನಾನು ಕರೆದರೂ ಅವಳೇ ಬರಲಿಲ್ಲ”. ತಕ್ಕ ಕಾರಣವಿಲ್ಲದೆ ಗಂಡನ ಜೊತೆ ಇರಲು ಒಪ್ಪದ ಹೆಂಡತಿಗೆ ಜೀವನಾಂಶ ಇಲ್ಲವೆಂಬ ಷರತ್ತು ಅದೇ ಸೆಕ್ಷನ್‌ನಲ್ಲಿದೆ. ಅದಕ್ಕೆ ಉತ್ತರ ನಿಮ್ಮ ಫೋನಿನಲ್ಲೇ ಇದೆ. ಬೈದ ಮೆಸೇಜುಗಳನ್ನು ಅಳಿಸಬೇಡಿ, ಆ ಫೋನನ್ನು ಮಾರಬೇಡಿ. ಬರೀ ಸ್ಕ್ರೀನ್‌ಶಾಟ್ ಸಾಲದು, ವಿದ್ಯುನ್ಮಾನ ಸಾಕ್ಷ್ಯಕ್ಕೆ ಪ್ರತ್ಯೇಕ ಪ್ರಮಾಣಪತ್ರ ಲಗತ್ತಿಸಬೇಕು, ಅದನ್ನು ವಕೀಲರು ಸಿದ್ಧಪಡಿಸುತ್ತಾರೆ. ಊರ ಹಿರಿಯರ ಮುಂದೆ ರಾಜಿ ಪಂಚಾಯ್ತಿ ಆಗಿ ಏನಾದರೂ ಬರೆದುಕೊಂಡಿದ್ದರೆ ಆ ಕಾಗದವನ್ನೂ ಹುಡುಕಿ ತೆಗೆಯಿರಿ. ಏನೇ ಆದರೂ ಆ ಷರತ್ತು ನಿಮ್ಮ ಪಾಲಿಗೆ ಮಾತ್ರ, ಮಕ್ಕಳ ಜೀವನಾಂಶಕ್ಕೆ ತಾಕುವುದಿಲ್ಲ.

ಆದೇಶವಾದ ಮೇಲೂ ಕಟ್ಟದಿದ್ದರೆ ವಸೂಲಿಗೆ ಅರ್ಜಿ ಹಾಕಬೇಕು. ವಾರಂಟ್ ಹೊರಡಿಸಿಯೂ ಕಟ್ಟದವರನ್ನು ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಆದರೆ ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ನೀವು ಅರ್ಜಿ ಹಾಕಿರಬೇಕು. “ಕೊಡ್ತೀನಿ ಇರು” ಎಂಬ ಮಾತು ನಂಬಿ ಹದಿನೈದು ತಿಂಗಳು ಕಾದವರು ಮೊದಲ ಮೂರು ತಿಂಗಳದ್ದನ್ನು ಈ ದಾರಿಯಲ್ಲಿ ವಸೂಲು ಮಾಡಲಾರರು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಹೊಡೆತ, ಬೆದರಿಕೆಯೂ ಇದ್ದಿದ್ದರೆ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಸಂರಕ್ಷಣಾಧಿಕಾರಿ ಅವರೇ. ತುರ್ತಿಗೆ 181 ಮಹಿಳಾ ಸಹಾಯವಾಣಿ.

ಈಗ ಮಕ್ಕಳ ವಿಷಯ. ಇದು ಗೊತ್ತಿಲ್ಲದೆ ಎಷ್ಟೋ ತಾಯಂದಿರು ಕಳೆದುಕೊಳ್ಳುತ್ತಿರುವ ನೆರವು, ಗಮನವಿಟ್ಟು ಓದಿ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಕಾರ್ಯಕ್ರಮವಾದ ಮಿಷನ್ ವಾತ್ಸಲ್ಯದಡಿ ‘ಪ್ರಾಯೋಜಕತ್ವ’ ಎಂಬ ಯೋಜನೆಯಿದೆ, ಕಚೇರಿಗಳಲ್ಲಿ ‘ಸ್ಪಾನ್ಸರ್‌ಶಿಪ್’ ಎಂದೇ ಕೇಳಿ. ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ತಾಯಿ ವಿಧವೆ, ವಿಚ್ಛೇದಿತೆ ಅಥವಾ ಕುಟುಂಬದಿಂದ ಪರಿತ್ಯಕ್ತೆ (ಮನೆಯವರು ಕೈಬಿಟ್ಟವಳು) ಆಗಿದ್ದರೆ ಮಕ್ಕಳು ಅರ್ಹರು ಎಂದು ಬಾಲನ್ಯಾಯ ಕಾಯ್ದೆಯಲ್ಲೇ ಇದೆ. ‘ಪರಿತ್ಯಕ್ತೆ’ ಎಂಬ ಆ ಮಾತು ನಿಮಗಾಗಿಯೇ ಇರುವಂಥದ್ದು. ಕುಟುಂಬದ ವಾರ್ಷಿಕ ಆದಾಯದ ಮಿತಿ ಹಳ್ಳಿಗಳಲ್ಲಿ 72,000, ಪಟ್ಟಣಗಳಲ್ಲಿ 96,000 ರೂಪಾಯಿ. ನಿಮ್ಮ ದುಡಿಮೆ ವರ್ಷಕ್ಕೆ 66,000, ಮಿತಿಯೊಳಗೇ ಇದೆ.

ಅರ್ಜಿ ಕೊಡಬೇಕಾದ್ದು ಹಾಸನದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಮಗುವಿನ ಆಧಾರ್, ಜನನ ಪ್ರಮಾಣಪತ್ರ, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಆದಾಯ ಪತ್ರ, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಫೋಟೊ ಇಟ್ಟುಕೊಳ್ಳಿ. ಜೊತೆಗೆ ಜೀವನಾಂಶದ ಅರ್ಜಿಯ ಪ್ರತಿ ಲಗತ್ತಿಸಿ. ಘಟಕದವರು ಮನೆಗೆ ಬಂದು ನೋಡಿ ವರದಿ ಬರೆಯುತ್ತಾರೆ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ ಮಂಜೂರು ಮಾಡುತ್ತದೆ. ಅನುದಾನಕ್ಕೆ ಮಿತಿ ಇರುವುದರಿಂದ ತಡವಾಗಬಹುದು. ಹಾಗಾಗಿ ಬಾಯಿಮಾತಿನಲ್ಲಿ ವಿಚಾರಿಸಿ ಬರಬೇಡಿ, ಅರ್ಜಿ ಕೊಟ್ಟು ಸ್ವೀಕೃತಿ ಪಡೆದೇ ಬನ್ನಿ.

ಆದಾಯ ಪತ್ರ ಮಾಡಿಸುವಾಗ ಒಂದು ಎಚ್ಚರಿಕೆ. ಹಳೆಯ ಪತ್ರದಲ್ಲಿ ಗಂಡನ ಆದಾಯವೂ ಸೇರಿರುತ್ತದೆ. ನಾಡಕಚೇರಿಯಲ್ಲಿ ನಿಮ್ಮ ಹೆಸರಿನಲ್ಲಿ ಹೊಸದಾಗಿ ಅರ್ಜಿ ಹಾಕಿ. ಗ್ರಾಮ ಆಡಳಿತ ಅಧಿಕಾರಿ ವಿಚಾರಣೆಗೆ ಬಂದಾಗ ಬೇರೆಯಾಗಿರುವ ವಿಷಯ ಹೇಳಿ, ಅಕ್ಕಪಕ್ಕದವರಿಂದಲೂ ಹೇಳಿಸಿ.

ರೇಷನ್ ಕಾರ್ಡಿಗೆ ಬರೋಣ. ಗೃಹಲಕ್ಷ್ಮಿಯ 2,000 ರೂಪಾಯಿ ಹೋಗುವುದು ಕಾರ್ಡಿನಲ್ಲಿ ಯಜಮಾನಿ ಎಂದಿರುವವರಿಗೆ ಮಾತ್ರ. ಈಗ ಅದು ನಿಮ್ಮ ಅತ್ತೆಯವರಿಗೆ. ನಿಮ್ಮ ಮೂವರ ಪಾಲಿನ ಅಕ್ಕಿಯೂ ಅದೇ ಕಾರ್ಡಿಗೆ. ಒಂದು ಆಧಾರ್ ಎರಡು ಕಾರ್ಡಿನಲ್ಲಿ ಇರುವಂತಿಲ್ಲ, ಆದ್ದರಿಂದ ಅಲ್ಲಿ ತೆಗೆಸದೆ ಇಲ್ಲಿ ಸೇರಿಸಲಾಗದು. ಮೊದಲು ಮೂವರ ಆಧಾರ್ ವಿಳಾಸವನ್ನು ತವರಿಗೆ ಬದಲಿಸಿ. ಆಮೇಲೆ ತಾಲ್ಲೂಕು ಕಚೇರಿಯ ಆಹಾರ ಶಾಖೆಯಲ್ಲಿ ಹೆಸರು ತೆಗೆಸುವ ಅರ್ಜಿಯ ಜೊತೆಗೇ ಸೇರಿಸುವ ಅರ್ಜಿಯನ್ನೂ ಕೊಡಿ, ನಡುವೆ ಯಾವ ಕಾರ್ಡೂ ಇಲ್ಲದಂತಾಗಬಾರದು. ಹಳೆ ಕಾರ್ಡಿನ ಜೆರಾಕ್ಸ್ ಇಟ್ಟುಕೊಂಡಿರಿ. ನಿಮ್ಮ ತಾಯಿಯ ಕಾರ್ಡಿಗೆ ಸೇರಿದರೆ ಅಕ್ಕಿ ಬರುತ್ತದೆ, ಗೃಹಲಕ್ಷ್ಮಿ ಮಾತ್ರ ತಾಯಿಯ ಹೆಸರಿಗೇ. ಪ್ರತ್ಯೇಕ ಕಾರ್ಡ್ ಆದರೆ ಅದೂ ನಿಮಗೇ. ಆದರೆ ಹೊಸ ಬಿಪಿಎಲ್ ಅರ್ಜಿಗಳನ್ನು ಇಲಾಖೆ ಎಲ್ಲ ಕಾಲದಲ್ಲೂ ತೆಗೆದುಕೊಳ್ಳುವುದಿಲ್ಲ. ನಮ್ಮ ಮಾತು ಕೇಳುವುದಾದರೆ ಮೊದಲು ತಾಯಿಯ ಕಾರ್ಡಿಗೆ ಸೇರಿ, ಅವಕಾಶ ಬಂದಾಗ ಬೇರೆಯಾಗಿ.

ಈ ಸರ್ಕಾರಿ ನೆರವು ಬರುವ ಖಾತೆಯ ಬಗ್ಗೆ ಬ್ಯಾಂಕಿನಲ್ಲಿ “ಆಧಾರ್ ಲಿಂಕ್ ಆಗಿದೆಯಾ” ಎಂದಷ್ಟೇ ಕೇಳಿದರೆ ಹೌದು ಎನ್ನುತ್ತಾರೆ. “ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರಿ ಹಣಕ್ಕೆ ಆಧಾರ್ ಅನ್ನು ಒಂದು ಖಾತೆಗೆ ಜೋಡಿಸುವುದು) ಆಗಿದೆಯಾ, ಡಿಬಿಟಿ (ಖಾತೆಗೆ ನೇರವಾಗಿ ಬರುವ ಸರ್ಕಾರಿ ಹಣ) ಈ ಖಾತೆಗೇ ಬರುತ್ತದಾ” ಎಂದು ಕೇಳಿ. ಹಣ ಬೀಳುವುದು ಆಧಾರ್ ಕೊನೆಯದಾಗಿ ಮ್ಯಾಪ್ ಆದ ಖಾತೆಗೆ. ಮದುವೆಯ ಹೊಸದರಲ್ಲಿ ಗಂಡನ ಊರಿನಲ್ಲಿ ತೆರೆದ ಹಳೆಯ ಖಾತೆಗೆ ಹೋಗಿ ಕೂತಿರುವುದೂ ಉಂಟು. ದೊಡ್ಡ ಮಗುವಿಗೆ 5 ವರ್ಷ ದಾಟಿದ ಮೇಲೆ ಬೆರಳಚ್ಚು ಅಪ್‌ಡೇಟ್ ಆಗಿದೆಯೇ ಎಂದೂ ನೋಡಿ.

ಕೊನೆಗೆ ಶಾಲೆಯ ಸಹಿ. ತಂದೆ ದೂರವಿದ್ದು ಮಗುವಿನ ಹೊಣೆಯನ್ನೇ ಹೊರದಿದ್ದಾಗ ತಾಯಿಯೇ ಸಹಜ ಪೋಷಕಿಯಾಗಬಲ್ಲಳು ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಹೇಳಿದೆ. ಜಗಳ ಬೇಡ. “ತಂದೆ 3 ವರ್ಷದಿಂದ ಬೇರೆ ಇದ್ದಾರೆ, ಮಕ್ಕಳು ನನ್ನ ಪೋಷಣೆಯಲ್ಲಿದ್ದಾರೆ, ಜೀವನಾಂಶದ ಪ್ರಕರಣ ಸಂಖ್ಯೆ ಇಂಥದ್ದು” ಎಂದು ಮುಖ್ಯ ಶಿಕ್ಷಕರಿಗೆ ಒಂದು ಪುಟ ಬರೆದುಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಶಾಲೆಯ ಮೊಹರು ಹಾಕಿಸಿಕೊಳ್ಳಿ. ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಹಾಗೇ ಇರಲಿ, ತೆಗೆಸಲು ಹೋಗಬೇಡಿ. ಮಕ್ಕಳ ಜೀವನಾಂಶಕ್ಕೂ ನಾಳೆ ಆಸ್ತಿಯ ಹಕ್ಕಿಗೂ ಅದೇ ಆಧಾರ.

ಅರ್ಜಿಗಳನ್ನು ಹಾಕಿದ ಮೇಲೆ ನಮಗೆ ಒಂದು ಸಾಲು ಬರೆಯಿರಿ. ಯಾವುದಾದರೂ ಕಚೇರಿಯಲ್ಲಿ ಅರ್ಜಿಯನ್ನೇ ತೆಗೆದುಕೊಳ್ಳದಿದ್ದರೆ, ಹೋದ ದಿನ ಮತ್ತು ಅವರು ಕೊಟ್ಟ ಕಾರಣ ಎರಡನ್ನೂ ಬರೆಯಿರಿ.